ಗಡಿ ದಾಟುವ ಮಾಹಿತಿಗೆ ಒಬ್ಬ ಕಾವಲುಗಾರ ಬೇಕು

ಕರಾರು ಪತ್ರ ಓದುವುದು ನನ್ನ ಕೆಲಸ. ಯುರೋಪಿನ ಕಂಪನಿಯೊಂದು ತನ್ನ ನೌಕರರ ಸಂಬಳದ ಲೆಕ್ಕವನ್ನು ಹೊರದೇಶದ ಇನ್ನೊಂದು ಕಂಪನಿಗೆ ವಹಿಸಿತ್ತು. ಆ ಕರಾರು ನನ್ನ ಮುಂದೆ ಬಂತು. ಮಾಹಿತಿಯನ್ನು ಹೇಗೆ ಕಾಪಾಡುತ್ತೀರಿ ಅಂತ ಕೊನೆಯ ಅನುಬಂಧದಲ್ಲಿ ಬರೆಯಬೇಕು. ಬರೆದಿದ್ದರು. ಆದರೆ ಅಲ್ಲಿದ್ದದ್ದು ಬೇರೆ ಯಾವುದೋ ಕಂಪನಿಯ ಹೆಸರು! ಹಳೇ ಕರಾರಿನಿಂದ ಎತ್ತಿ ಹಾಗೇ ಅಂಟಿಸಿದ್ದರು. ಎರಡೂ ಕಡೆಯ ಸಹಿ ಬಿದ್ದಿತ್ತು. ತಿದ್ದಿ ಕಳಿಸಿ ಅಂದೆ. ಮಾರನೇ ದಿನ ಬಂತು. ಹೆಸರು ಬದಲಾಗಿತ್ತು, ಮಿಕ್ಕಿದ್ದೆಲ್ಲ ಹಾಗೇ ಇತ್ತು. ಅಷ್ಟು ಜನರ ಸಂಬಳ, ಬ್ಯಾಂಕ್ ಖಾತೆ, ಕಾಯಿಲೆ ರಜೆಯ ವಿವರ ಎಲ್ಲ ಆ ಒಂದು ಪುಟವನ್ನು ನಂಬಿಕೊಂಡು ಹೋಗಬೇಕಿತ್ತು. ನನಗೆ ನಿಜಕ್ಕೂ ಸಂಕಟವಾಯಿತು.

ಜನರ ವೈಯಕ್ತಿಕ ಮಾಹಿತಿಯನ್ನು ಕಾಪಾಡುವ ಯುರೋಪಿನ ಜಿಡಿಪಿಆರ್ ಕಾನೂನು 2018ರ ಮೇ 25ರಿಂದ ಜಾರಿಯಲ್ಲಿದೆ. ಮಾಹಿತಿ ಹೊರದೇಶಕ್ಕೆ ಹೋದರೂ ರಕ್ಷಣೆ ಕಮ್ಮಿಯಾಗಬಾರದು ಅನ್ನುತ್ತದೆ ಅದು. ಅಲ್ಲಿನ ರಕ್ಷಣೆ ಸಾಕು ಅಂತ ಯುರೋಪಿಯನ್ ಕಮಿಷನ್ (ಯುರೋಪಿಯನ್ ಒಕ್ಕೂಟದ ಆಡಳಿತ ನಡೆಸುವ ಸಂಸ್ಥೆ) ಒಪ್ಪಿದ ದೇಶವಾದರೆ ಸುಲಭ. ಇಲ್ಲದಿದ್ದರೆ ಬೇರೆ ಆಧಾರ ಬೇಕು. ಜಾಸ್ತಿ ಜನ ಹಿಡಿಯುವುದು ಕರಾರಿಗೆ ಸೇರಿಸಲು ಕಮಿಷನ್ನೇ ಬರೆದಿಟ್ಟ ಸಿದ್ಧ ಷರತ್ತುಗಳನ್ನು. ಆದರೆ 46ನೇ ವಿಧಿಯಲ್ಲಿ ಇನ್ನೊಂದು ದಾರಿಯೂ ಇದೆ: ಮಂಜೂರಾದ ನೀತಿ ಸಂಹಿತೆ. (ಚುನಾವಣೆಯದ್ದಲ್ಲ.) ಇದನ್ನು ಜನ ಹೆಚ್ಚು ಬಳಸಬೇಕು ಅನ್ನುವುದು ನನ್ನ ವಾದ.

ಒಂದು ಉದ್ಯಮದ ಸಂಘವೇ ಇದನ್ನು ಬರೆಯುತ್ತದೆ. ಹಾಗಾಗಿ ನಿಯಮಗಳು ಆ ಕೆಲಸಕ್ಕೆ ಹೊಂದುತ್ತವೆ. ಸಂಬಳದ ಲೆಕ್ಕದವರಾದರೆ, ಕೆಲಸ ಬಿಟ್ಟವರ ಕಡತ ಎಷ್ಟು ವರ್ಷ ಇಡಬೇಕು, ಕಾಯಿಲೆ ರಜೆಯ ವಿವರ ಯಾರು ತೆರೆಯಬಹುದು ಅಂತ ನೇರವಾಗಿ ಬರೆಯಬಹುದು. ಆಮೇಲೆ ಮಾಹಿತಿ ರಕ್ಷಣಾ ಪ್ರಾಧಿಕಾರ ಒಪ್ಪಬೇಕು. ಕಮಿಷನ್ ಅದಕ್ಕೆ ಇಡೀ ಒಕ್ಕೂಟದಲ್ಲಿ ಮಾನ್ಯತೆ ಕೊಡಬೇಕು. ಮಾಹಿತಿ ಪಡೆಯುವ ಕಂಪನಿ ಸಂಹಿತೆಗೆ ಸೇರಿ, ಕಾನೂನಿನಂತೆ ತನ್ನನ್ನು ಕಟ್ಟಿಹಾಕಿಕೊಳ್ಳಬೇಕು. ಕಳಿಸುವವರು ಸೇರಲೇಬೇಕು ಅಂತೇನಿಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಉಸ್ತುವಾರಿ ಸಂಸ್ಥೆ. ಪ್ರಾಧಿಕಾರದ ಮಾನ್ಯತೆ ಪಡೆದ ಈ ಸಂಸ್ಥೆ ಸದಸ್ಯರ ಕೆಲಸವನ್ನು ಆಗಾಗ ಪರಿಶೀಲಿಸುತ್ತದೆ, ದೂರು ಕೇಳುತ್ತದೆ. ತಪ್ಪಿದವರನ್ನು ಅಮಾನತು ಮಾಡಬಹುದು, ಹೊರಗೂ ಹಾಕಬಹುದು. ಅಂದರೆ ಆ ಅನುಬಂಧವನ್ನು ಓದಲಿಕ್ಕೇ ಅಂತ ಒಬ್ಬರು ಇರುತ್ತಾರೆ! ಯಾರ ಮಾಹಿತಿಯೋ ಅವರಿಗೂ ಸಂಹಿತೆಯ ಹಕ್ಕುಗಳನ್ನು ನೇರವಾಗಿ ಚಲಾಯಿಸಲು ಅವಕಾಶವಿರಬೇಕು.

ಉದ್ಯಮದವರೇ ನಿಯಮ ಬರೆದರೆ ಬೇಲಿಯೇ ಎದ್ದು ಹೊಲ ಮೇಯುವುದಿಲ್ವಾ ಅಂತ ಕೇಳಬಹುದು. ನ್ಯಾಯವಾದ ಭಯವೇ. ಅದಕ್ಕೇ ಉಸ್ತುವಾರಿ ಸಂಸ್ಥೆ ತನ್ನ ಸ್ವಾತಂತ್ರ್ಯವನ್ನು ಪ್ರಾಧಿಕಾರದ ಮುಂದೆ ಸಾಬೀತು ಮಾಡಬೇಕು ಅಂತ ಕಾನೂನಿದೆ. ಇಲ್ಲಿ ಸಡಿಲ ಬಿಟ್ಟರೆ ನಾನೂ ಇದರ ಪರ ನಿಲ್ಲುವುದಿಲ್ಲ.

ಇನ್ನೊಂದು ಮಾತು. ಮಾಹಿತಿ ಹೋದ ದೇಶದ ಸರ್ಕಾರವೇ ಕಡತ ತೆರೆಸಿದರೆ ಸಂಹಿತೆಯೊಂದೇ ಏನೂ ಮಾಡಲಾರದು. 2020ರ ಜುಲೈ 16ರಂದು ಯುರೋಪಿನ ನ್ಯಾಯಾಲಯ ಅಮೆರಿಕದ ಬೇಹುಗಾರಿಕೆ ಕಾನೂನುಗಳನ್ನು ನೋಡಿಯೇ, ಯುರೋಪಿನ ಮಾಹಿತಿ ಅಮೆರಿಕಕ್ಕೆ ಹೋಗಲು ಆಧಾರವಾಗಿದ್ದ ಪ್ರೈವಸಿ ಶೀಲ್ಡ್ ಒಪ್ಪಂದವನ್ನು ರದ್ದು ಮಾಡಿತು. ಮಾಹಿತಿಯನ್ನು ಅಮೆರಿಕಕ್ಕೆ ಕಳಿಸಿದ್ದಕ್ಕೆ 2023ರ ಮೇ ತಿಂಗಳಲ್ಲಿ ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಗೆ 120 ಕೋಟಿ ಯೂರೋ ದಂಡ ಬಿದ್ದಾಗಲೂ ಅವರ ಕೈಯಲ್ಲಿ ಸಿದ್ಧ ಷರತ್ತುಗಳ ಕರಾರು ಇತ್ತು. ಹಾಗಾಗಿ ಸಂಹಿತೆಗೆ ಸೇರಿದವರೂ ಆ ದೇಶದ ಕಾನೂನನ್ನು ತೂಗಿ ನೋಡಲೇಬೇಕು.

ಯುರೋಪಿನ ಮಾಹಿತಿ ರಕ್ಷಣಾ ಮಂಡಳಿ ಇದಕ್ಕೆಲ್ಲ 2022ರಲ್ಲೇ ಅಂತಿಮ ಮಾರ್ಗಸೂಚಿ ಕೊಟ್ಟಿದೆ. ಸಂಬಳದ ಲೆಕ್ಕ ಮಾಡುವವರ ಸಂಘಗಳೇ ಮೊದಲು ಕೂತು ಬರೆಯಲಿ. ಕಾಯಿಲೆ ರಜೆಯ ಸಾಲಿನಿಂದಲೇ ಶುರು ಮಾಡಲಿ.