ಓದಲು ಬಾರದಿದ್ದರೆ ಖಾಲಿ ಎನ್ನುವುದೇ?

ಇನ್ನೊಂದು ಕ್ಷಣ ತಡವಾಗಿದ್ದರೆ ನನ್ನ ಐದು ವರ್ಷದ ವಿಡಿಯೊಗಳು ಇಂದು ಬೆಳಿಗ್ಗೆ ನೀರುಪಾಲಾಗುತ್ತಿದ್ದವು. ಎದೆ ಇನ್ನೂ ಢವಗುಟ್ಟುತ್ತಿದೆ. ಯಾರ ಮೇಲೆ ಕೂಗಾಡುವುದೆಂದು ತಿಳಿಯದೆ ಇಲ್ಲಿ ಬರೆಯುತ್ತಿದ್ದೇನೆ.

ಅಕ್ಕನ ಹಳೆಯ ಕಂಪ್ಯೂಟರಿನ ಪುರಾಣ ನಿಮ್ಮಲ್ಲಿ ಹಲವರಿಗೆ ಗೊತ್ತು. ಅದರಲ್ಲಿ ವಿಂಡೋಸ್ ಎಕ್ಸ್‌ಪಿ ಇನ್ನೂ ಉಸಿರಾಡುತ್ತಿರುವುದು ಸ್ಕ್ಯಾನರಿನ ದೆಸೆಯಿಂದ. ಆ ಸ್ಕ್ಯಾನರಿಗೆ ಮುಂದಿನ ಯಾವ ವಿಂಡೋಸ್‌ಗೂ ಡ್ರೈವರ್, ಅಂದರೆ ಅದನ್ನು ನಡೆಸುವ ತಂತ್ರಾಂಶ, ಬರಲಿಲ್ಲ. ಅವಳು ಸ್ಕ್ಯಾನ್ ಮಾಡಿಟ್ಟ ಹಳೆಯ ಪತ್ರಗಳನ್ನು ತುಂಬಿಕೊಳ್ಳಲು ನನ್ನ 500 ಜಿಬಿ ಹಾರ್ಡ್ ಡಿಸ್ಕನ್ನು ಸಿಕ್ಕಿಸಿದೆ. ಅದರಲ್ಲಿರುವುದು ಎಕ್ಸ್‌ಫ್ಯಾಟ್, ಅಂದರೆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಒಂದು ಪದ್ಧತಿ. ಅದಕ್ಕಿಂತ ಹಳೆಯ ಫ್ಯಾಟ್32 ಒಂದೇ ಫೈಲು 4 ಜಿಬಿ ತಲುಪಿದರೆ ಕೈಯೆತ್ತಿಬಿಡುತ್ತದೆ, ಹಾಗಾಗಿ ಇದನ್ನು ಆರಿಸಿಕೊಂಡಿದ್ದೆ. ತೆರೆಯ ಮೇಲೆ ಪುಟ್ಟ ಚೌಕವೊಂದು ಮೂಡಿತು: ಈ ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಬೇಕೇ? ಫಾರ್ಮ್ಯಾಟ್ ಎಂದರೆ ಇದ್ದುದನ್ನೆಲ್ಲ ಬದಿಗೊತ್ತಿ ಡಿಸ್ಕನ್ನು ಹೊಸದಾಗಿ ಸಜ್ಜುಗೊಳಿಸುವುದು. ಮೌಸ್ ಅಕ್ಕನ ಕೈಯಲ್ಲಿತ್ತು. "ಫಾರ್ಮ್ಯಾಟ್ ಆಗಿಲ್ಲವಂತೆ ಕಣೋ, ಹೌದು ಎನ್ನಲೇ?" ಎಂದಳು. ನಾನು ಕಿರುಚಿದ ರೀತಿಗೆ ಅವಳು ಮಧ್ಯಾಹ್ನದವರೆಗೆ ಮಾತು ಬಿಟ್ಟಿದ್ದಳು.

ನನ್ನ ಸಿಟ್ಟು ಆ ಒಂದು ವಾಕ್ಯದ ಮೇಲೆ. ಫಾರ್ಮ್ಯಾಟ್ ಆಗಿಲ್ಲವಂತೆ! ಆಗಿದೆ ಸ್ವಾಮಿ, ನಿಮಗೆ ಓದಲು ಬರುವುದಿಲ್ಲ, ಅಷ್ಟೇ. ಗೊತ್ತಿಲ್ಲ ಎನ್ನುವುದಕ್ಕೂ ಏನೂ ಇಲ್ಲ ಎನ್ನುವುದಕ್ಕೂ ಅಜಗಜಾಂತರವಿದೆ.

2001ರಲ್ಲಿ ಹುಟ್ಟಿದ ವ್ಯವಸ್ಥೆಗೆ 2006ರಲ್ಲಿ ಹುಟ್ಟಿದ ಎಕ್ಸ್‌ಫ್ಯಾಟ್ ಹೇಗೆ ಗೊತ್ತಿರಬೇಕು ಎಂದು ಕೇಳುತ್ತೀರಿ. ಗೊತ್ತಿರಬೇಕಾಗಿಲ್ಲ. ಆದರೆ ಒಂದು ವಿಷಯ ಕೇಳಿ. ಎಕ್ಸ್‌ಫ್ಯಾಟ್ ವಿಭಾಗದ ಮೊಟ್ಟಮೊದಲ ಸೆಕ್ಟರಿನಲ್ಲಿ (ಡಿಸ್ಕಿನ ಒಂದು ಪುಟ್ಟ ತುಣುಕು), ಆರಂಭದ ಮೂರು ಬೈಟುಗಳಾದ ಕೂಡಲೇ, ಯಾರು ಬೇಕಾದರೂ ಓದಬಹುದಾದ ಅಕ್ಷರಗಳಲ್ಲಿ ಅದರ ಹೆಸರನ್ನೇ ಬರೆದಿರುತ್ತದೆ. ಅದರ ಬೆನ್ನಿಗೆ 53 ಬೈಟುಗಳಷ್ಟು ಬರೀ ಸೊನ್ನೆ. ಹಳೆಯ ಫ್ಯಾಟ್ ತನ್ನ ಲೆಕ್ಕಪತ್ರ ಇಟ್ಟುಕೊಳ್ಳುವ ಜಾಗವದು. ಹಳೆಯ ವ್ಯವಸ್ಥೆ ಇದನ್ನು ತನ್ನದೇ ಎಂದು ತಪ್ಪಾಗಿ ತಿಳಿದು ಕೈಹಾಕದಿರಲಿ ಎಂದೇ ಅಲ್ಲಿ ಸೊನ್ನೆ ತುಂಬಿದ್ದಾರೆ. ಬಾಗಿಲಿಗೆ ಹೆಸರಿನ ಫಲಕ ಹಾಕಿ, ಬೀಗವನ್ನೂ ಜಡಿದಂತೆ. ಬಂದವನು ಫಲಕ ನೋಡಲಿಲ್ಲ, ತನ್ನ ಕೀಲಿ ಹಿಡಿಯಲಿಲ್ಲವೆಂದು ಮನೆಯಲ್ಲಿ ಯಾರೂ ಇಲ್ಲ ಎಂದು ತೀರ್ಮಾನಿಸಿದ, ಕೆಡವಿ ಹೊಸದು ಕಟ್ಟಲೇ ಎಂದೂ ವಿಚಾರಿಸಿದ!

ಇದನ್ನು ಸರಿಯಾಗಿ ಮಾಡಿದವರೂ ಇದ್ದಾರೆ. ಲಿನಕ್ಸ್‌ನ ಎಕ್ಸ್ಟ್ ಎಂಬ ಫೈಲು ಪದ್ಧತಿಗಳ ಕುಟುಂಬವನ್ನೇ ನೋಡಿ. ಡಿಸ್ಕಿನ ಮೇಲೆಯೇ ಮೂರು ಬಗೆಯ ಗುರುತುಗಳಿರುತ್ತವೆ: ಈ ಸೌಲಭ್ಯ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ, ಇದು ಗೊತ್ತಿಲ್ಲದಿದ್ದರೆ ಓದಿಕೋ, ಬರೆಯಬೇಡ, ಇದು ಗೊತ್ತಿಲ್ಲದಿದ್ದರೆ ಮುಟ್ಟಲೇಬೇಡ. ಹಳೆಯ ಕರ್ನಲ್ (ಲಿನಕ್ಸ್‌ನ ತಿರುಳು) ಹೊಸ ಎಕ್ಸ್ಟ್4 ವಿಭಾಗವನ್ನು ಕಂಡು, ನನಗೆ ತಿಳಿಯದ ಸೌಲಭ್ಯಗಳಿವೆ ಎಂದು ಹೇಳಿ ಹಿಂದೆ ಸರಿಯುತ್ತದೆ. ಎಷ್ಟು ಮರ್ಯಾದಸ್ಥ ಉತ್ತರ! ಡಿಸ್ಕನ್ನು ವಿಭಾಗಗಳಾಗಿ ಹಂಚುವ ಹೊಸ ಪದ್ಧತಿಯಾದ ಜಿಪಿಟಿಯನ್ನು ಮಾಡಿದವರಿಗಂತೂ ಹಳಬರ ಸ್ವಭಾವ ಚೆನ್ನಾಗಿ ಗೊತ್ತಿತ್ತು. ಡಿಸ್ಕಿನ ಮೊದಲ ಸೆಕ್ಟರಿನಲ್ಲಿ ಹಳೆಯ ಶೈಲಿಯ ಸುಳ್ಳು ಪಟ್ಟಿಯೊಂದನ್ನು ಬರೆದು, ಜಾಗವೆಲ್ಲ ಭರ್ತಿಯಾಗಿದೆ ಎಂದು ತೋರಿಸುತ್ತಾರೆ. ಹಳೆಯ ಉಪಕರಣ ಅದನ್ನು ಖಾಲಿ ಎಂದು ಭಾವಿಸಬಾರದಲ್ಲ, ಅದಕ್ಕೆ.

"ಹೊಸ ಕಂಪ್ಯೂಟರ್ ಕೊಳ್ಳಬಾರದೇ?" ಎಂದು ಕಮೆಂಟ್ ಹಾಕಲು ಹೊರಟವರು ಅಲ್ಲೇ ನಿಲ್ಲಿ. ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲೇ ಬೆಂಬಲ ನಿಂತಿತೆಂದು ನನಗೂ ಗೊತ್ತು, ಅದಕ್ಕೇ ಆ ಯಂತ್ರವನ್ನು ಇಂಟರ್ನೆಟ್‌ನಿಂದ ದೂರವಿಟ್ಟಿದ್ದೇನೆ. ಚೆನ್ನಾಗಿರುವ ಸ್ಕ್ಯಾನರನ್ನು ಒಂದು ಡ್ರೈವರಿಗಾಗಿ ಕಸಕ್ಕೆ ಹಾಕುವುದು ನನ್ನಿಂದಾಗದು. ಹೊಸ ಯಂತ್ರವೊಂದಕ್ಕೆ ಕೇಬಲ್ ಎಳೆದು ಫೈಲ್ ಹಂಚಿಕೊಳ್ಳೋಣವೆಂದರೆ, ಎಕ್ಸ್‌ಪಿಗೆ ಬರುವುದು ಎಸ್‌ಎಂಬಿ ಎಂಬ ಫೈಲ್ ಹಂಚಿಕೆ ವಿಧಾನದ ಮೊದಲ ಆವೃತ್ತಿ ಮಾತ್ರ. ಅದರ ಲೋಪದಿಂದ ನುಗ್ಗಿದ ವಾನಾಕ್ರೈ ವೈರಸ್ಸಿನ 2017ರ ಹಾವಳಿ ಕಂಡವರು ಯಾರೂ ಅದನ್ನು ಮತ್ತೆ ಚಾಲೂ ಮಾಡು ಎಂದು ಹೇಳಲಾರರು.

ಈಗ ಒಂದು ತಪ್ಪೊಪ್ಪಿಗೆ. ಇಷ್ಟೆಲ್ಲ ಕಿರುಚಾಡುವ ನಾನೇ ಹಿಂದೊಮ್ಮೆ ಇದೇ ಪ್ರಶ್ನೆಗೆ "ಹೌದು" ಒತ್ತಿದ್ದೇನೆ. ಡಿಸ್ಕ್ ನನ್ನದಲ್ಲ, ಗೆಳೆಯನದು. ಫಾರ್ಮ್ಯಾಟ್ ಮಾಡಿದರೂ ಹಳೆಯ ಬೈಟುಗಳು ಬಹುಪಾಲು ಅಲ್ಲೇ ಬಿದ್ದಿದ್ದವು, ಕಳೆದ ಫೈಲುಗಳನ್ನು ಹುಡುಕುವ ಫೋಟೊರೆಕ್ ತಂತ್ರಾಂಶ ಓಡಿಸಿ ಚಿತ್ರಗಳನ್ನು ಹೆಕ್ಕಿದೆ. ಹೆಸರುಗಳು ಮಾತ್ರ ಹೋಗಿದ್ದವು. ಯಾರ ಮದುವೆ, ಯಾವ ಪ್ರವಾಸ ಎಂದು ಜೋಪಾನವಾಗಿ ಬರೆದಿಟ್ಟಿದ್ದ ಕಡೆಯಲ್ಲೆಲ್ಲ ಒಂದು ಎಫ್ ಅಕ್ಷರ, ಅದರ ಹಿಂದೆ ಅಂಕಿಗಳ ಸಾಲು. ಅವನು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಇಂದಿನ ಕಥೆ ಸುಖಾಂತ. ಎಕ್ಸ್‌ಪಿಗೆ ಎಕ್ಸ್‌ಫ್ಯಾಟ್ ಓದಲು ಕಲಿಸುವ ಅಪ್‌ಡೇಟ್ 2009ರಲ್ಲಿಯೇ ಬಂದಿತ್ತು, ಅಂದರೆ ನಾಲ್ಕಕ್ಷರ ಕಲಿಯುವ ಶಕ್ತಿ ಅದಕ್ಕೆ ಇದ್ದೇ ಇತ್ತು! ಅಕ್ಕನ ಯಂತ್ರಕ್ಕೆ ಅದನ್ನು ಯಾರೂ ಹಾಕಿರಲಿಲ್ಲ. ಹಳೆಯ ಸಿಡಿಯೊಂದರಲ್ಲಿ ಸಿಕ್ಕಿತು. ಹಾಕಿ ರೀಸ್ಟಾರ್ಟ್ ಮಾಡಿದೆ, ಡಿಸ್ಕ್ ತೆರೆಯಿತು. ಆದರೂ ಇನ್ನೊಂದು ದಿನ ಇನ್ಯಾವುದೋ ಡಿಸ್ಕ್ ಬರುತ್ತದೆಂದು, "ಫಾರ್ಮ್ಯಾಟ್ ಕೇಳಿದರೆ ಬೇಡ ಎನ್ನಬೇಕು" ಎಂದು ಚೀಟಿ ಬರೆದು ಮಾನಿಟರಿನ ಅಂಚಿಗೆ ಅಂಟಿಸಿದೆ.

ಅಕ್ಕ ಕನ್ನಡಕ ಏರಿಸಿ, ಹತ್ತಿರ ಬಗ್ಗಿ ನೋಡಿದಳು. "ಏನು ಗೀಚಿದ್ದೀಯೋ, ನನಗೆ ಓದಲಾಗುತ್ತಿಲ್ಲ" ಎಂದಳು. ಖಾಲಿ ಚೀಟಿ ಎನ್ನಲಿಲ್ಲ.