ಆ ಎರಡನೇ ಬೇಲಿ ಕಿತ್ತು ಹಾಕಿ ಸ್ವಾಮಿ

ಬೆಂಗಳೂರಿನ ಮೆಟಲ್ ಸಂಗೀತದ ಫೆಸ್ಟಿವಲ್ ಮುಗಿಸಿಕೊಂಡು ಬೆಳಗಿನ ಜಾವ ಹಾಸನಕ್ಕೆ ಬಂದಿಳಿದೆ. ಕತ್ತು ಹಿಡಿದುಕೊಂಡಿದೆ. ತಲೆ ಕುಣಿಸಿ ಅಲ್ಲ, ಮುಂದಿನವರ ಭುಜದ ಮೇಲಿಂದ ಇಣುಕಿ ಇಣುಕಿ.

ವೇದಿಕೆಯ ಮುಂದೆ ಒಂದು ಬೇಲಿ ಇರುತ್ತದೆ. ಅದು ಬೇಕು, ತಕರಾರಿಲ್ಲ. 2011ರಲ್ಲಿ ಗುರುಗ್ರಾಮದಲ್ಲಿ ಮೆಟಾಲಿಕಾ ಬ್ಯಾಂಡಿನ ಶೋ ನಿಂತುಹೋಗಿದ್ದೇ ಬ್ಯಾರಿಕೇಡ್ ಕೈಕೊಟ್ಟು. ನಮ್ಮ ಪುಣ್ಯ, ಎರಡೇ ದಿನಕ್ಕೆ ಬೆಂಗಳೂರಿನಲ್ಲಿ ನುಡಿಸಿದರು. ನನ್ನ ಸಿಟ್ಟೆಲ್ಲಾ ಎರಡನೇ ಬೇಲಿಯ ಮೇಲೆ. ಅದರ ಮುಂದೆ ವಿಐಪಿಗಳು, ಹಿಂದೆ ನಾವು.

ಆ ವಿಐಪಿ ಜಾಗ ಅರ್ಧ ಖಾಲಿ! ಇದ್ದವರಲ್ಲೂ ಎಷ್ಟೋ ಜನ ವೇದಿಕೆಗೆ ಬೆನ್ನು ಹಾಕಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಗಾಯಕ ಕೈಯನ್ನು ಗಾಳಿಯಲ್ಲಿ ಗುಂಡಗೆ ತಿರುಗಿಸಿ, ಪಿಟ್ ಮಾಡಿ, ಅಂದರೆ ನಡುವೆ ಗುಂಡಗೆ ಜಾಗ ಬಿಟ್ಟು ಸುತ್ತ ಓಡಿ ಅಂತ ಗೋಗರೆದ. ಮುಂದೆ ಜಾಗ ಇತ್ತು, ಓಡುವವರಿರಲಿಲ್ಲ. ಹಿಂದೆ ಓಡುವವರಿದ್ದೆವು, ಕಾಲು ಎತ್ತಿಡಲು ಜಾಗ ಇರಲಿಲ್ಲ. ಅಷ್ಟು ದೂರದಿಂದ ಬಂದು ಗಂಟಲು ಹರಿದುಕೊಳ್ಳುವ ಮನುಷ್ಯನಿಗೆ ಮೊದಲು ಕಂಡಿದ್ದು ಒಂದಷ್ಟು ಬೆನ್ನು, ಒಂದಷ್ಟು ಫೋನು. ಈ ಊರಿನವರಿಗೆ ಮೆಟಲ್ ರುಚಿಸುವುದಿಲ್ಲ ಅಂದುಕೊಂಡೇ ಹೋಗಿರುತ್ತಾನೆ.

"ದೊಡ್ಡ ಸ್ಕ್ರೀನ್ ಇತ್ತಲ್ವಾ, ಹಿಂದಿನಿಂದಲೂ ಕಾಣುತ್ತೆ" ಅನ್ನುವವರು ಸ್ವಲ್ಪ ಕೇಳಿ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 100 ಮೀಟರ್ ಹಿಂದೆ ನಿಂತವನ ಕಿವಿಗೆ ಅದು ಹತ್ತಿರ ಹತ್ತಿರ 0.3 ಸೆಕೆಂಡ್ ತಡ. ನಿಧಾನದ ಹಾಡಿಗೆ ಪರವಾಗಿಲ್ಲ. ಡ್ರಮ್ಮರ್ ನಿಮಿಷಕ್ಕೆ 200 ಬೀಟ್ ವೇಗದಲ್ಲಿ, ಬೀಟಿಗೆ ನಾಲ್ಕರಂತೆ ಎರಡೂ ಕಾಲಲ್ಲಿ ಬಾಸ್ ಡ್ರಮ್ ಒದೆಯುವಾಗ ಸೆಕೆಂಡಿಗೆ 13 ಏಟು ಬೀಳುತ್ತವೆ. ಅಂದರೆ ನನ್ನ ಕಿವಿ ಕಣ್ಣಿಗಿಂತ ನಾಲ್ಕು ಏಟು ಹಿಂದೆ! ಮಧ್ಯದಲ್ಲಿ ಸ್ಪೀಕರ್ ಟವರ್ ನಿಲ್ಲಿಸಿದರೂ ಇದು ತಪ್ಪುವುದಿಲ್ಲ. ವೇದಿಕೆಯ ಸದ್ದಿನ ಜೊತೆ ಕಲಸಿಹೋಗಬಾರದು ಅಂತ ಅದನ್ನೂ ಬೇಕೆಂದೇ ಅಷ್ಟು ತಡಮಾಡಿ ಬಿಡುತ್ತಾರೆ. ಸ್ಕ್ರೀನಿನಲ್ಲಿ ಅವನ ಕಾಲು ಒಂದು ಕಡೆ, ನಮಗೆ ಕೇಳುವುದು ಇನ್ನೊಂದು. ಇದಕ್ಕೆ ಮನೆಯಲ್ಲೇ ಕೂತು ಮೊಬೈಲಿನಲ್ಲಿ ನೋಡಬಹುದಿತ್ತು.

ಜಾಸ್ತಿ ದುಡ್ಡು ಕೊಟ್ಟವರಿಗೆ ಮುಂದಿನ ಜಾಗ, ತಪ್ಪೇನು ಅಂತ ಗೆಳೆಯ ಕೇಳಿದ. ಸರಿ. ನಮ್ಮೂರಿನ ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ತೆಗೆದಾಗಲೂ 300, 1000 ರೂಪಾಯಿಯ ಟಿಕೆಟ್ ಸಾಲು ಇರುತ್ತದೆ. ಗೊಣಗಿಕೊಂಡೇ ಧರ್ಮದರ್ಶನದ ಸಾಲಿನಲ್ಲಿ ನಿಲ್ಲುತ್ತೇವೆ. ಆದರೆ 1000 ಕೊಟ್ಟವರೂ ದೇವಿಗೆ ಕೈ ಮುಗಿದೇ ಮುಂದೆ ಹೋಗುತ್ತಾರೆ ಮಾರಾಯ. ಗರ್ಭಗುಡಿಗೆ ಬೆನ್ನು ಹಾಕಿ ನಿಂತು ಸೈಟಿನ ರೇಟು ಮಾತಾಡುವುದಿಲ್ಲ.

ಬೇರೆ ದಾರಿ ಇಲ್ಲವೇ ಅಂದರೆ ಇದೆ. ಐರನ್ ಮೇಡನ್ ಫ್ಯಾನ್ ಕ್ಲಬ್‌ನವರು ಸದಸ್ಯರ ಹೆಸರಲ್ಲಿ ಲಾಟರಿ ಎತ್ತಿ, ಗೆದ್ದವರನ್ನು ಎಲ್ಲರಿಗಿಂತ ಮೊದಲು ಬೇಲಿ ಹತ್ತಿರ ಬಿಡುತ್ತಾರೆ. ಅದೇ ಬ್ಯಾಂಡ್ 2007ರಲ್ಲಿ ಅರಮನೆ ಮೈದಾನಕ್ಕೆ ಬಂದಾಗ ಅಣ್ಣ ಹೋಗಿದ್ದ. ಮನೆಯಲ್ಲಿ ಇವತ್ತಿಗೂ ಅದೇ ಪುರಾಣ.

ವಿಐಪಿಗಳು ಬೇಡ ಅನ್ನುತ್ತಿಲ್ಲ. ಪಕ್ಕದಲ್ಲಿ ಎತ್ತರಕ್ಕೆ ಅಟ್ಟಣಿಗೆ ಕಟ್ಟಿ. ಸೋಫಾ ಹಾಕಿ, ಕಬಾಬ್ ಕೊಡಿ, ಸೆಲ್ಫಿಗೂ ಅಲ್ಲೇ ಚೆನ್ನ. ಬೇಕಾದರೆ ಡಬಲ್ ದುಡ್ಡು ತಗೊಳ್ಳಿ. ಮುಂದಿನ ಜಾಗವನ್ನು ಮಟಮಟ ಮಧ್ಯಾಹ್ನದಿಂದ ಬಿಸಿಲಲ್ಲಿ ಕಾದವರಿಗೆ ಬಿಡಿ.

ಇಷ್ಟನ್ನೂ ಆಯೋಜಕರ ಫೀಡ್‌ಬ್ಯಾಕ್ ಫಾರಂನಲ್ಲಿ ಬರೆದು ಕಳಿಸಿದೆ. ಸಂಜೆಯೇ ಉತ್ತರ ಬಂತು. ಮುಂದಿನ ವರ್ಷದ ವಿಐಪಿ ಟಿಕೆಟ್ ಮೇಲೆ ನನಗೆ ಹತ್ತು ಪರ್ಸೆಂಟ್ ಡಿಸ್ಕೌಂಟ್ ಅಂತೆ.