ಸೊಸೆಯ ಹೆಸರಿನಲ್ಲಿ ಏನಿದೆ?

ಗಂಡ ಮೆಲ್ಬರ್ನ್‌ನಲ್ಲಿ, ಹೆಂಡತಿ ಮಂಡ್ಯದಲ್ಲಿ. ನಾನು ಬ್ಯಾಂಕಿನಿಂದ ನಿವೃತ್ತಳಾದ ಮೇಲೆ, ಇಂಥ ಜೋಡಿಗಳ ವೀಸಾ ಅರ್ಜಿಗೆ ದಾಖಲೆ ಹೊಂದಿಸಿಕೊಡಿ ಎಂದು ನೆಂಟರಿಷ್ಟರು ಮೈಸೂರಿನ ನಮ್ಮ ಮನೆಗೆ ಬರುತ್ತಲೇ ಇರುತ್ತಾರೆ. ಬಂದವರೆಲ್ಲರ ಸಿಟ್ಟು ಒಂದೇ: ‘ಸಾವಿರ ಎಲೆ ಹಾಕಿಸಿ ಮಾಡಿದ ಮದುವೆ. ಅದು ನಿಜವೋ ಸುಳ್ಳೋ ಎಂದು ಕೇಳಲು ಇವರು ಯಾರು?’

ಕೇಳಲಿ ಬಿಡಿ. ವೀಸಾಕ್ಕಾಗಿಯೇ ನಡೆಯುವ ಸುಳ್ಳು ಮದುವೆಗಳು ಇರುವಾಗ ಆ ದೇಶದವರು ಕೇಳುವುದು ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಉತ್ತರ ಕೊಡಲು ಕುಳಿತಾಗ ನಮ್ಮ ಮನೆಗಳ ಬಂಡವಾಳ ಬಯಲಾಗುತ್ತದಲ್ಲ, ನನ್ನ ತಕರಾರು ಇರುವುದು ಅದರ ಬಗ್ಗೆ. ಮನೆ ತುಂಬಿಸಿಕೊಂಡ ಸೊಸೆಯ ಹೆಸರನ್ನು ನಾವು ಎಲ್ಲಿಯೂ ಬರೆಸಿರುವುದಿಲ್ಲ.

ಆಸ್ಟ್ರೇಲಿಯಾದ 1994ರ ವಲಸೆ ನಿಯಮಗಳಲ್ಲಿ 1.15ಎ ಎಂಬ ಒಂದು ನಿಯಮವಿದೆ. ದಂಪತಿಯ ಹಣಕಾಸು, ಮನೆವಾರ್ತೆ, ನಾಲ್ಕು ಜನರ ನಡುವೆ ಅವರ ನಡವಳಿಕೆ, ಒಬ್ಬರಿಗೊಬ್ಬರ ಬದ್ಧತೆ, ಇವಿಷ್ಟನ್ನೂ ಅಧಿಕಾರಿ ಪರಿಶೀಲಿಸಬೇಕು. ಮನೆಗೆಲಸವನ್ನು ಹೇಗೆ ಹಂಚಿಕೊಂಡಿದ್ದೀರಿ ಎಂಬುದೂ ಅದರಲ್ಲಿ ಸೇರಿದೆ. (ಈ ಸಾಲನ್ನು ಓದಿ ಹೇಳಿದಾಗ ನಮ್ಮ ಕಡೆಯ ಗಂಡಸರ ಮುಖ ನೋಡಬೇಕು.)

ಈಚೆಗೆ ಬಂದಿದ್ದ ನಮ್ಮ ದೂರದ ನೆಂಟರ ಹುಡುಗಿಯ ಕಡತವನ್ನೇ ನೋಡಿ. ಮನೆ, ಜಮೀನು, ಕರೆಂಟ್ ಬಿಲ್, ಗ್ಯಾಸ್ ಸಂಪರ್ಕ, ಎಲ್ಲವೂ ಮಾವನ ಹೆಸರಿನಲ್ಲಿ. ರೇಷನ್ ಕಾರ್ಡ್ ಅತ್ತೆಯ ಹೆಸರಿನಲ್ಲಿ, ಏಕೆಂದರೆ 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಮನೆಯ ಹಿರಿಯ ಹೆಂಗಸೇ ಕುಟುಂಬದ ಯಜಮಾನಿ. 2023ರ ಆಗಸ್ಟ್ 30ರಂದು ಇದೇ ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಸಿಕ್ಕಿ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಬರತೊಡಗಿದ ಮೇಲಂತೂ ಆ ಕಾರ್ಡಿನ ತಂಟೆಗೆ ಹೋಗಲು ಯಾರಿಗೂ ಧೈರ್ಯವಿಲ್ಲ. ಹುಡುಗಿಯ ಹೆಸರು ಇನ್ನೂ ತವರಿನ ಕಾರ್ಡಿನಲ್ಲೇ ಇದೆ. ಗಂಡ ತಿಂಗಳು ತಿಂಗಳು ಹಣ ಕಳುಹಿಸುತ್ತಾನೆ, ಆದರೆ ಅಪ್ಪನ ಖಾತೆಗೆ. ಅದು ಅತ್ತೆಯ ಕೈಗೆ ಬಂದು, ಅಲ್ಲಿಂದ ಸೊಸೆಯ ಕೈಗೆ ನೋಟಿನ ರೂಪದಲ್ಲಿ ಇಳಿಯುತ್ತದೆ. ಗಂಡ ಹೆಂಡತಿಯನ್ನು ಸಾಕುತ್ತಿದ್ದಾನೆ ಎನ್ನುವುದಕ್ಕೆ ಒಂದು ಸಾಲಿನ ದಾಖಲೆಯೂ ಇಲ್ಲ!

ಏಜೆಂಟರ ಬಳಿ ಇದಕ್ಕೆ ಸಿದ್ಧ ಔಷಧಿ ಇರುತ್ತದೆ: ತಕ್ಷಣ ಒಂದು ಜಂಟಿ ಖಾತೆ ತೆರೆಯಿರಿ. ಬ್ಯಾಂಕಿನಲ್ಲಿದ್ದವಳಾಗಿ ಒಂದು ಮಾತು ಹೇಳುತ್ತೇನೆ. ಅನಿವಾಸಿ ಗಂಡ ಹೊರದೇಶದ ಗಳಿಕೆಯನ್ನು ಇಲ್ಲಿನ ಬ್ಯಾಂಕಿನಲ್ಲಿ ಇಡುವ ಎನ್‌ಆರ್‌ಇ ಖಾತೆಗೆ ಇಲ್ಲಿರುವ ಹೆಂಡತಿಯ ಹೆಸರನ್ನು ಸೇರಿಸಬಹುದು, ಆದರೆ ‘ಮೊದಲನೆಯವರು ಅಥವಾ ಉಳಿದವರು’ ಎಂಬ ಷರತ್ತಿನ ಮೇಲೆ. ಅವನು ಬದುಕಿರುವವರೆಗೆ ಅಧಿಕಾರಪತ್ರವಿಲ್ಲದೆ ಅವಳು ಅದರಿಂದ ಒಂದು ರೂಪಾಯಿಯನ್ನೂ ತೆಗೆಯುವಂತಿಲ್ಲ. ಅದರ ಬದಲು, ಸಂಸಾರದ ಖರ್ಚಿಗೆ ಅವಳ ಸ್ವಂತ ಖಾತೆಗೆ ತಿಂಗಳು ತಪ್ಪದೆ ಬರುವ ಹತ್ತು ಸಾವಿರವೇ ಹೆಚ್ಚು ತೂಕದ ದಾಖಲೆ. ಇನ್ನು ಬೃಂದಾವನದಲ್ಲಿ, ಚಾಮುಂಡಿ ಬೆಟ್ಟದಲ್ಲಿ ಒಂದೇ ದಿನ ಸೀರೆ ಬದಲಾಯಿಸಿ ಬದಲಾಯಿಸಿ ತೆಗೆಸುವ ಫೋಟೋಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಮತ್ತೊಂದು ಅವಸರ ಇದಕ್ಕಿಂತ ಅಪಾಯದ್ದು. ನಿಶ್ಚಿತಾರ್ಥ ಮುಗಿದ ಕೂಡಲೇ ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ ವಿವಾಹ ಪ್ರಮಾಣಪತ್ರ ಮಾಡಿಸಿ ವೀಸಾಕ್ಕೆ ಹಾಕುವುದು, ಧಾರೆಯನ್ನು ಆಷಾಢ ಕಳೆದ ಮೇಲೆ ಇಟ್ಟುಕೊಳ್ಳುವುದು. ಶಾಸ್ತ್ರೋಕ್ತವಾಗಿಯೋ ಸಂಪ್ರದಾಯದಂತೆಯೋ ಮದುವೆ ನಡೆಯದೆ ಬರೀ ನೋಂದಣಿಯಾದರೆ ಹಿಂದೂ ವಿವಾಹ ಕಾಯ್ದೆಯಡಿ ಅದು ಮದುವೆಯೇ ಅಲ್ಲ ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವೀಸಾದ ಸಲುವಾಗಿ ಮೊದಲೇ ನೋಂದಣಿ ಮಾಡಿಸುವ ಪರಿಪಾಠವನ್ನೂ ಅದೇ ತೀರ್ಪು ಪ್ರಸ್ತಾಪಿಸಿದೆ. ಅರ್ಜಿಯ ಶುಲ್ಕವೇ 9,000 ಆಸ್ಟ್ರೇಲಿಯನ್ ಡಾಲರ್ ದಾಟುತ್ತದೆ, ತಿರಸ್ಕಾರವಾದರೆ ವಾಪಸ್ ಬರುವುದಿಲ್ಲ. ಮದುವೆಗೆ ಮುಂಚಿನ ತಾರೀಖಿನ ಪ್ರಮಾಣಪತ್ರವನ್ನು ನೆಚ್ಚಿಕೊಂಡು ಅಷ್ಟು ಹಣ ಕಟ್ಟುವವರಿಗೆ ಏನೆನ್ನಬೇಕು?

ಆ ಹುಡುಗಿಯ ಕಡತದಲ್ಲಿ ನನಗೆ ಖುಷಿ ಕೊಟ್ಟ ದಾಖಲೆ ಎಂದರೆ ಮುಯ್ಯಿ ಪುಸ್ತಕ. ಇನ್ನೂರು ಪುಟದ ಉದ್ದನೆಯ ನೋಟ್ ಪುಸ್ತಕ, ರಟ್ಟಿನ ಮೂಲೆಗೆ ಅರಿಶಿನ, ಮೊದಲ ಪುಟದಲ್ಲಿ ‘ಶ್ರೀ’. ಛತ್ರದ ಬಾಗಿಲಲ್ಲಿ ಕುಳಿತಿದ್ದ ಚಿಕ್ಕಪ್ಪನ ಅಕ್ಷರ ಮೊದಮೊದಲು ದುಂಡಗಿದ್ದು, ಊಟದ ಹೊತ್ತಿಗೆ ಗೀಚಾಟವಾಗಿದೆ. ಕೀಲಾರದವರು 501, ಬಸರಾಳಿನವರು 1,001, ಕೊತ್ತತ್ತಿಯ ಸೋದರಮಾವ ಬೆಳ್ಳಿ ದೀಪ. ಒಂದು ಕಡೆ 500 ಹೊಡೆದು ಹಾಕಿ 200 ಎಂದು ತಿದ್ದಿದ್ದಾರೆ. ಅಲ್ಲೊಂದು ಸಣ್ಣ ಜಗಳವೇ ನಡೆದಿರಬೇಕು. ಏಜೆಂಟ್ ಇದನ್ನು ನೋಡಿ ನಕ್ಕನಂತೆ. ದಂಪತಿಯ ಬಗ್ಗೆ ಬಲ್ಲವರ ಅಭಿಪ್ರಾಯವೇನು ಎಂದು ಆ 1.15ಎ ನಿಯಮ ಕೇಳುತ್ತದೆ. ಅದಕ್ಕಾಗಿ 888 ಎಂಬ ನಮೂನೆಯಲ್ಲಿ ಕನಿಷ್ಠ ಇಬ್ಬರು ಪರಿಚಿತರು ಬರೆದುಕೊಡುತ್ತಾರೆ. ಇಲ್ಲಿ ಊರಿಗೆ ಊರೇ ದುಡ್ಡು ಕೊಟ್ಟು ಸಾಕ್ಷಿ ಹೇಳಿದೆ, ಅದೂ ಮುಂದೆ ತಮ್ಮ ಮನೆಯ ಮದುವೆಗೆ ಇವರು ಬಂದು ತೀರಿಸುತ್ತಾರೆಂಬ ಲೆಕ್ಕಾಚಾರದ ಮೇಲೆ. ಸುಳ್ಳು ಮದುವೆ ಮಾಡುವವನು ಫೋಟೋ ತೆಗೆಸಿಯಾನು, ತಿದ್ದಿದ 200ರ ಮುಯ್ಯಿಯನ್ನು ಬರೆಸುವುದಿಲ್ಲ. ಕೆಲವು ಪುಟಗಳನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿ, ಮುಯ್ಯಿ ಎಂದರೇನು ಎಂದು ಅರ್ಧ ಪುಟದ ಟಿಪ್ಪಣಿ ಬರೆದು ಸೇರಿಸಿದೆವು.

ಆದರೆ ಆ ಪುಸ್ತಕದಲ್ಲೂ ಸೊಸೆಯ ಹೆಸರಿಲ್ಲ. ರಟ್ಟಿನ ಮೇಲಿರುವುದು ಮಾವನ ಹೆಸರು, ‘ಇವರ ಮಗನ ಮದುವೆ’. ಹಾಗಾಗಿ ಲಗ್ನಪತ್ರಿಕೆಯನ್ನೂ ಜೊತೆಗೆ ಲಗತ್ತಿಸಬೇಕಾಯಿತು.

ಈಗ ಗಂಡ ನೇರವಾಗಿ ಅವಳ ಖಾತೆಗೆ ಹಣ ಹಾಕುತ್ತಿದ್ದಾನೆ. ಮಾವನಿಗೆ ಇದು ಸರಿ ಬಂದಿಲ್ಲ. ‘ವೀಸಾ ಕೈಗೆ ಬಂದ ಮೇಲೆ ಮತ್ತೆ ನನ್ನ ಖಾತೆಗೇ ಹಾಕಬಹುದಲ್ಲವೇ?’ ಎಂದು ಫೋನ್ ಮಾಡಿ ಕೇಳಿದರು. ಮೊದಲು ಸಿಗುವುದು 309 ಎಂಬ ಸಂಖ್ಯೆಯ ತಾತ್ಕಾಲಿಕ ವೀಸಾ, ಅರ್ಜಿ ಹಾಕಿ ಎರಡು ವರ್ಷವಾದ ಮೇಲೆ 100 ಎಂಬ ಸಂಖ್ಯೆಯ ಕಾಯಂ ವಾಸದ ವೀಸಾಕ್ಕೆ ಮತ್ತೆ ದಾಖಲೆ ಕೊಡಬೇಕು, ಅಲ್ಲಿಯವರೆಗೆ ಬ್ಯಾಂಕಿನ ಸ್ಟೇಟ್‌ಮೆಂಟ್‌ನಲ್ಲಿ ಒಂದು ತಿಂಗಳೂ ಖಾಲಿ ಬಿಡುವಂತಿಲ್ಲ ಎಂದು ಹೇಳಿದ್ದೇನೆ.